ಅಪ್ಪನ ಅಪ್ಪಣೆ ಕೇಳಿದ ಓಬಣ್ಣ

ನಾನು ಕಂಡಷ್ಟು ಪೆದ್ದರನ್ನು ಹಿರಿಯೂರು ತಾಲೂಕಿನಲ್ಲಿ ಇನ್ನೊಬ್ಬ ಕಂಡಿಲ್ಲ. ಬಾವಿಗೆ ಕೊಡೆ ಹಿಡಿದವನನ್ನು ಕಂಡಿದ್ದೇನೆ, ನೆರಳಿಗೆ ಚಪ್ಪಲಿ ಕೊಡಿಸಿದವನನ್ನು ಕಂಡಿದ್ದೇನೆ. ಮಾರಕ್ಕನ ಮಗ ಓಬಣ್ಣನ ಮುಂದೆ ಅವರೆಲ್ಲ ಪಂಡಿತರು. ಮೂವತ್ತು ದಾಟಿದ ಆಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು, ಅದೇ ಅವನ ರೋಗ.

ಅವನ ಅಪ್ಪ ಪಾತಲಿಂಗಪ್ಪ ಆಟೋಗೆ ಮೈಕು ಕಟ್ಟಿಕೊಂಡು ಊರೆಲ್ಲ ಸಾರುತ್ತಿದ್ದ. ನಾಟಕ ಬಂದರೂ ಅವನೇ, ನಲ್ಲಿ ನೀರು ನಿಂತರೂ ಅವನೇ. ಅವನ ದನಿ ಕೇಳಿ ಆರು ಮೈಲಿ ಆಚೆ ಎಮ್ಮೆ ಹಾಲಿಳಿಸುತ್ತಿತ್ತು, ಹಾಲು ಕರೆದವನು ನಾನೇ. ಅವನು ತೀರಿಕೊಂಡು ಎರಡು ವರ್ಷ. ಮಾರಕ್ಕನಿಗೆ ಒಂದೇ ಆಸೆ, ಆ ದನಿ ಒಂದು ಸಲ ಕೇಳಬೇಕು. ದನಿ ಎಲ್ಲಿದೆ? ಮನೆಯ ಕಂಪ್ಯೂಟರಿನಲ್ಲಿದೆ. ಸಾರಿದ್ದನ್ನೆಲ್ಲ ಅವನು ಅದರಲ್ಲೇ ರೆಕಾರ್ಡ್ ಮಾಡಿಟ್ಟಿದ್ದ. ಓಬಣ್ಣ ಒತ್ತಿದರೆ ಅದು ತೆರೆಯದು. ಅಡ್ಮಿನ್ ಅಪ್ಪಣೆ ಬೇಕು ಅನ್ನುತ್ತದೆ.

"ಹೋಗಿ ನಸೀಮಾನ ಕೇಳಿಕೊಂಡು ಬಾರೋ," ಅಂದಳು ತಾಯಿ. ನಸೀಮಾ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸು.

"ನೋಡು ಓಬಣ್ಣ," ಅಂದಳು ನಸೀಮಾ, "ಅದರಲ್ಲಿ ಇಬ್ಬರಿದೀರಿ. ನಿಮ್ಮಪ್ಪ ಅಡ್ಮಿನ್, ಅಂದರೆ ಮನೆ ಯಜಮಾನ. ನಿಂದು ಸಾದಾ ಖಾತೆ, ಬಾಡಿಗೆಯವರ ಥರ. ನಿನ್ನ ಕೋಣೇಲಿ ನೀನು ಏನಾದರೂ ಮಾಡ್ಕೋ. ಅವರ ಕೋಣೆಗೆ ಹೋಗೋಕೆ ಅವರ ಅಪ್ಪಣೆ ಬೇಕು."

ಅಪ್ಪಣೆ ತಾನೇ? ನಮ್ಮ ಕಡೆ ಅಪ್ಪಣೆ ಕೇಳುವುದು ಹೇಗೆ? ದೇವರಿಗೆ ಒದ್ದೆ ಹೂ ಅಂಟಿಸಿ ಕೂರುವುದು. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಓಬಣ್ಣ ಕಂಪ್ಯೂಟರಿನ ಮೇಲೆ ಅಪ್ಪನ ಫೋಟೋ ಇಟ್ಟ, ಹೂ ಅಂಟಿಸಿದ, ಕೈಮುಗಿದು ಕೂತ. ಹೂ ಎಡಕ್ಕೆ ಬಿತ್ತು. ಮಾರನೇ ದಿನ ಮತ್ತೆ ಎಡಕ್ಕೆ. ಒಂಬತ್ತು ದಿನ ಎಡಕ್ಕೇ. ಫ್ಯಾನು ಬಲಗಡೆ ಇತ್ತು ನೋಡಿ.

"ಅಪ್ಪ ಬೇಡ ಅಂತಾನೆ ಕಣಮ್ಮ."

"ಬದುಕಿದ್ದಾಗ ಒಂದಿನ ನನಗೆ ಬೇಡ ಅಂದವರಲ್ಲ. ಈಗ ಅಂತಾರೇನೋ, ಮಂಕೇ?"

ಮಾರಕ್ಕ ನಸೀಮಾಳನ್ನೇ ಕರೆತಂದಳು. ಅವಳು ಅರ್ಧ ದಿನ ಕೂತು ಓಬಣ್ಣನ ಖಾತೆಯನ್ನೇ ಅಡ್ಮಿನ್ ಮಾಡಿದಳು. ಅಷ್ಟರಲ್ಲಿ ಕರೆಂಟು ಹೋಯಿತು.

"ಕರೆಂಟು ಬಂದಮೇಲೆ ನೀನೇ ತೆಗಿ. ಇನ್ನು ನೀನೇ ಯಜಮಾನ. ಅನುಮತಿ ಕೊಡ್ತೀಯಾ ಅಂತ ಅದು ಕೇಳುತ್ತೆ. ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಡ ಮತ್ತೆ."

ಕರೆಂಟು ಬಂತು. ಅಪ್ಪನ ಕೋಣೆ ಒತ್ತಿದ. ಅನುಮತಿ ಕೊಡ್ತೀಯಾ ಅಂತು. ಬೇಡ ಅಂದ. ಮತ್ತೆ ಒತ್ತಿದ, ಮತ್ತೆ ಕೇಳಿತು, ಮತ್ತೆ ಬೇಡ ಅಂದ. ಮಾರಕ್ಕ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕಾದಳು. ಇವನು ನಾನೂರು ಸಲ ಬೇಡ ಅಂದ.

"ಹೂಂ ಅನ್ನೋ, ನಿನ್ನ ಬಾಯಿಗೆ ಮಣ್ಣು ಹಾಕ. ಹೂಂ ಅನ್ನೋಕೆ ಏನು ನೋವು ನಿನಗೆ?"

ಸರಿ, ಹೂಂ ಅಂದ. ಯಾವುದಕ್ಕೆ? ಆ ಹೊತ್ತಿಗೆ ಅಲ್ಲಿ ಜ್ಯೋತಿಷ್ಯದ ಜಾಹೀರಾತೊಂದು ಒಳಗೆ ಬರಲಾ ಅಂತ ಕೇಳುತ್ತಿತ್ತು. ಅದಕ್ಕೂ ಹೂಂ, ಅದರ ಹಿಂದಿದ್ದ ಇಸ್ಪೀಟಿಗೂ ಹೂಂ, ಕೂದಲು ಬೆಳೆಸುವ ಎಣ್ಣೆಗೂ ಹೂಂ. ಮೂರು ದಿನ ಕಂಪ್ಯೂಟರು ಕೆಸರಲ್ಲಿ ಕೂತ ಕೋಣನ ಹಾಗೆ ಕೂತಿತು. ಓಬಣ್ಣ ಅದನ್ನು ತಲೆಮೇಲೆ ಹೊತ್ತು ಅಂಗಡಿಗೆ ಹೋದ.

ನಸೀಮಾ ಎಲ್ಲ ಗುಡಿಸಿ ಕೊಟ್ಟಳು. "ಆ ಕೋಣೆ ನಾನು ತೆಗೆಯಲ್ಲ. ಆ ದನಿ ಮೊದಲು ನಿಮ್ಮಮ್ಮ ಕೇಳಲಿ. ಅನುಮತಿ ಕೇಳುತ್ತಿರೋದು ಯಾವುದು ಅಂತ ಓದು. ಅಪ್ಪಂದಾದರೆ ಹೂಂ, ಬೇರೆಯವರದಾದರೆ ಬೇಡ. ತಿಳೀತಾ?"

ತಿಳಿಯಿತು. ಮನೆ ಹೊಸಿಲಲ್ಲಿ ಹಾಲಿನವಳು, "ಹಾಲು ಹಾಕಲೇನಣ್ಣ?" ಅಂದಳು.

"ಅಪ್ಪಂದಾ?"

"ಯಾರಪ್ಪಂದು? ಎಮ್ಮೇದು."

"ಹಂಗಾದರೆ ಬೇಡ," ಅಂದು ಕಳಿಸಿದ. ಆ ದಿನ ಮಾರಕ್ಕ ಕಪ್ಪು ಚಾ ಕುಡಿದಳು. ಬೈಯಲಿಲ್ಲ. ಕಂಪ್ಯೂಟರಿನ ಪರದೆ ಬೆಳಗುತ್ತಿತ್ತಲ್ಲ, ಅದನ್ನೇ ನೋಡುತ್ತಿದ್ದಳು.

ಅನುಮತಿ ಕೊಡ್ತೀಯಾ ಅಂತು. ಓಬಣ್ಣ ಅಕ್ಷರ ಕೂಡಿಸಿ ಓದಿದ. ಅಪ್ಪನ ಹೆಸರು. ಹೂಂ ಅಂದ. ತೆರೆಯಿತು.

"ಮಹನೀಯರೇ, ಮಹಿಳೆಯರೇ," ಅಂತು ಪಾತಲಿಂಗಪ್ಪನ ದನಿ.

ಮಾರಕ್ಕ ಸೆರಗು ಸರಿಮಾಡಿಕೊಂಡಳು.

"ಇಂದು ಸಂಜೆ ಆರು ಗಂಟೆಗೆ ಹಳೇ ಟೆಂಟ್ ಮೈದಾನದಲ್ಲಿ ನಾಟಕ. ತಾವೆಲ್ಲರೂ ಬರಬೇಕು. ತಪ್ಪದೆ ಬರಬೇಕು. ತಮಗಾಗಿ ಕಾಯುತ್ತಿರುತ್ತೇವೆ."

ಓಬಣ್ಣ ಎದ್ದು ಒಗೆದ ಅಂಗಿ ಹಾಕಿಕೊಂಡ.

"ಎಲ್ಲಿಗೋ?"

"ಅಪ್ಪ ಕಾಯ್ತಿರ್ತೀನಿ ಅಂದನಲ್ಲಮ್ಮ."

ಆ ನಾಟಕ ಆಗಿ ಹದಿನೆಂಟು ವರ್ಷ. ಮೈದಾನದಲ್ಲಿ ಈಗ ಎಕ್ಕದ ಗಿಡ ಬಿಟ್ಟರೆ ಇನ್ನೇನಿಲ್ಲ. ಅವನು ಹೋಗಿ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತ. ಮಾರಕ್ಕ ಮನೆಯಲ್ಲಿ ಆ ಮಾತನ್ನೇ ಮತ್ತೆ ಮತ್ತೆ ಕೇಳಿದಳು. ಎಷ್ಟು ಸಲವೋ, ಎಣಿಸುವುದರಲ್ಲಿ ಗಟ್ಟಿಗನಾದ ನಾನೇ ಸೋತೆ. ಆಮೇಲೆ ಕೋಲು ಹಿಡಿದು, ಇವತ್ತು ಇವನ ಚರ್ಮ ಸುಲಿಯುತ್ತೇನೆ ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಾ ಮೈದಾನಕ್ಕೆ ಹೋದಳು.

ಆರು ಹೊಡೆಯಲು ಇನ್ನೂ ಸ್ವಲ್ಪ ಇತ್ತು. ಅಷ್ಟಗಲ ಖಾಲಿ ಬಯಲು. ಮಗನ ಬೆನ್ನ ಹಿಂದೆ ಬಂದು ನಿಂತಳು. ಕೋಲು ಕೆಳಗಿಟ್ಟಳು.

"ಸ್ವಲ್ಪ ಸರಿಯೋ," ಅಂದಳು. "ನನಗೂ ಜಾಗ ಬಿಡು."