ಬಾಲದ ಸೊನ್ನೆ

ಹೊಳೆದಂಡೆಯ ಮಠದಲ್ಲಿ ಗುರುಗಳಾದ ಅಜ್ಜಾರು ಮರಳಿನ ಮೇಲೆ ಪಾಠ ಹೇಳುತ್ತಿದ್ದರು. ಆದದ್ದಕ್ಕೆ ಒಂದು ಸೊನ್ನೆ. ಅದು ಯಾತರಿಂದ ಆಯಿತೋ ಅದಕ್ಕೆ, ಹಿಂದೆ ಇನ್ನೊಂದು ಸೊನ್ನೆ. ನಡುವೆ ಗೆರೆ. ಒಳಗೆ ಗುರುತಿಗೊಂದು ವಸ್ತು ಇಡಬೇಕು.

ಬರೆದದ್ದನ್ನು ಶಿಷ್ಯರು ಅಳಿಸುವಂತಿಲ್ಲ. ಹೊಳೆಯೇ ಬಂದು ಅಳಿಸಬೇಕು. ಅದು ಆ ಮಠದ ಕಟ್ಟಳೆ.

ಊರವರಿಗೆ ಈ ಸೊನ್ನೆಗಳ ಮೇಲೆ ಎಲ್ಲಿಲ್ಲದ ನಂಬಿಕೆ. ಎಮ್ಮೆ ಹಾಲು ಕೊಡದಿದ್ದರೂ ಬಂದು ಬರೆಸಿಕೊಂಡು ಹೋಗುತ್ತಿದ್ದರು.

ಈ ಸಲ ಬಂದದ್ದು ಎಮ್ಮೆಯ ಮಾತಲ್ಲ. ಮಠದ ಶಿಷ್ಯ ಕೋಟ್ರ, ತುಂಬಿದ ಹೊಳೆಯಲ್ಲಿ ದೋಣಿ ಮಗುಚಿ ತೀರಿಕೊಂಡಿದ್ದ. ಹೆಣವೂ ಸಿಕ್ಕಿರಲಿಲ್ಲ. ಈಜಿ ಬದುಕಿ ಬಂದ ಅಂಬಿಗ ದುರುಗಪ್ಪನನ್ನು ಊರು ಬಿಡಿಸಬೇಕೆಂದು ಹಿರಿಯರು ಹಟ ಹಿಡಿದಿದ್ದರು. ಅವನು ಗಂಟು ಕಟ್ಟಿಕೊಂಡು ಹೆಂಡತಿ ಮಕ್ಕಳೊಂದಿಗೆ ದಂಡೆಯಲ್ಲೇ ಕೂತಿದ್ದ.

“ಮಹಾಂತಾ, ನೀ ಬರಿ,” ಎಂದರು ಅಜ್ಜಾರು. “ನಾಳೆ ಮುಂಜಾನಿ ಹಿರ್‍ಯಾರು ಬಂದು ನೋಡ್ತಾರ.”

ಮಹಾಂತ ಕೋಟ್ರನ ಗೆಳೆಯ. ಸಾವಿಗೊಂದು ಸೊನ್ನೆ ಬರೆದು ಒಳಗೆ ಕೋಟ್ರನ ಜಪದ ಮಣಿ ಇಟ್ಟ. ಅದರ ಹಿಂದೆ ದೋಣಿಯ ಚಕ್ಕೆ. ಅದರ ಹಿಂದೆ ದುರುಗಪ್ಪ ದೋಣಿ ನಡೆಸುವ ಹುಟ್ಟು. ಅಲ್ಲಿಗೆ ಕೋಲು ಕೆಳಗಿಟ್ಟ.

ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ನೋಡಿದರೆ, ಹುಟ್ಟಿನ ಹಿಂದೆ ಇನ್ನೊಂದು ಸೊನ್ನೆ ಇತ್ತು. ಒಳಗೆ ಏನೂ ಇಲ್ಲ. ಗೆರೆಯಿಂದ ನೀರು ಜಿನುಗುತ್ತಿತ್ತು. ತುದಿಯಲ್ಲಿ ಎಡಕ್ಕೆ ಚಾಚಿದ ಸಣ್ಣ ಬಾಲ.

ಎಡಗೈಯಲ್ಲಿ ಬರೆಯುತ್ತಿದ್ದ ಕೋಟ್ರ ಹೀಗೇ ಬಾಲ ಬಿಡುತ್ತಿದ್ದ. ‘ಇಲಿ ಬರದಿಯೇನೋ’ ಎಂದು ಮಹಾಂತ ಅವನನ್ನು ಅಣಕಿಸುತ್ತಿದ್ದ.

ಮಹಾಂತ ಸುತ್ತ ನೋಡಿದ. ಹೆಜ್ಜೆಗುರುತುಗಳು ಹೊಳೆಯಿಂದ ಇಲ್ಲಿಗೆ ಬಂದಿದ್ದವು. ವಾಪಸು ಹೋಗಿರಲಿಲ್ಲ.

ಕಟ್ಟಳೆ ಮುರಿದು ಅಂಗೈಯಿಂದ ಅಳಿಸಿದ. ಕೈ ತೆಗೆಯುವಷ್ಟರಲ್ಲಿ ಸೊನ್ನೆ ಮತ್ತೆ ಮೂಡಿತು. ಅತ್ತ ಅಜ್ಜಾರೂ ಹಿರಿಯರೂ ಬರುವುದು ಕಂಡಿತು. ಬೇರೇನೂ ತೋಚದೆ ಅದರ ಮೇಲೆ ಕಾಲಿಟ್ಟು ನಿಂತುಬಿಟ್ಟ.

ಹಿರಿಯರು ಹುಟ್ಟನ್ನು ನೋಡಿ ತಲೆಯಾಡಿಸಿದರು. ಅಜ್ಜಾರು ಆಡಿಸಲಿಲ್ಲ.

“ದುರುಗಪ್ಪ ತುಂಬಿದ ಹೊಳಿಗೆ ದೋಣಿ ಯಾಕ ಇಳಿಸಿದ?” ಎಂದು ಮಹಾಂತನನ್ನು ಕೇಳಿದರು.

“ಕೋಟ್ರ ದಾಟಸು ಅಂದಿದ್ನಂತ್ರಿ.”

“ಹೊಳಿ ಅಂದ್ರ ಅಂಜೂ ಹುಡುಗ. ಅಂವ ಯಾಕ ದಾಟಾಕ ಹೋದ?”

ಮಹಾಂತ ಕಾಲನ್ನು ಮರಳಿಗೆ ಇನ್ನಷ್ಟು ಒತ್ತಿದ. ಕೂತಲ್ಲಿಂದಲೇ ದುರುಗಪ್ಪ ಹೇಳಿದ: “ಅಜ್ಜಾರು ಕಳಿಸ್ಯಾರ ಅಂದನ್ರಿ. ನಿಮ್ಮ ಹೆಸರು ಕೇಳಿ ನಾ ಒಲ್ಲೆ ಅನ್ನಲಿಲ್ರಿ.”

“ನಾ ಕೋಟ್ರನ್ನ ಕಳಿಸಿದ್ದಿಲ್ಲ,” ಎಂದರು ಅಜ್ಜಾರು.

ಅದು ಮಹಾಂತನಿಗೆ ಗೊತ್ತಿತ್ತು. ಆಚೆ ದಂಡೆಯಿಂದ ವಿಭೂತಿ ತಾ ಎಂದು ಅಜ್ಜಾರು ಹೇಳಿದ್ದು ತನಗೆ. ನೀರು ಕಂಡು ಹೆದರಿದ್ದು ತಾನು. ‘ಅಜ್ಜಾರು ನಿನಗ ಹೋಗು ಅಂದಾರ’ ಎಂದು ಕೋಟ್ರನಿಗೆ ಹೇಳಿದವನೂ ತಾನೇ. ಕೋಟ್ರ ಮರುಮಾತಾಡದೆ ಟವಲು ಸುತ್ತಿಕೊಂಡು ಹೊರಟಿದ್ದ.

ನಿಜ ಹೇಳಲು ಬಾಯಿ ತೆರೆದ. ದುರುಗಪ್ಪನ ಸಣ್ಣ ಮಗಳು ಗಂಟಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದು ಕಂಡಿತು. ಆದರೂ ಬಾಯಿಂದ ಬಂದ ಮಾತೇ ಬೇರೆ.

“ಇದರ ಹಿಂದ ಏನೂ ಇಲ್ರಿ, ಅಜ್ಜಾರ.”

ಅಂಗಾಲು ತಣ್ಣಗಾಯಿತು. ಮರಳಿನೊಳಗಿಂದ ಒದ್ದೆ ಬೆರಳೊಂದು ಅವನ ಪಾದದ ಅಂಚನ್ನು ಸವರುತ್ತ, ನಿಧಾನಕ್ಕೆ ಎಡಕ್ಕೆ ತಿರುಗುತ್ತಿತ್ತು.

ಅಜ್ಜಾರು ಅವನ ಮುಖ ನೋಡಲಿಲ್ಲ. ಕಾಲನ್ನೇ ನೋಡುತ್ತಿದ್ದರು.

“ಕಾಲು ತೆಗಿ, ಮಹಾಂತಾ. ಅಂವ ಬರದು ಮುಗಸಲಿ.”