ಇಳಿಸದೆ ಬಿಟ್ಟ ಜಾಗಟೆ

ಹೊಳೆದಂಡೆಯ ಮಠವೊಂದರಲ್ಲಿ ಅಡಿವೆಪ್ಪನೆಂಬ ಶಿಷ್ಯ ದಾಸೋಹದ ಉಗ್ರಾಣ ನೋಡಿಕೊಳ್ಳುತ್ತಿದ್ದ. ಬಂದವರಿಗೆಲ್ಲ ಅನ್ನ ಹಾಕುವ ಮಠ ಅದು.

ಅಲ್ಲೊಂದು ಪದ್ಧತಿ ಇತ್ತು. ಕಾಳು ಕಡಿಮೆಯಾದರೆ ಉಗ್ರಾಣದವನು ಬಾಗಿಲಿಗೆ ಜಾಗಟೆ ತೂಗುಹಾಕಿ ಊಟದ ಹೊತ್ತಿಗೆ ಬಡಿಯಬೇಕು. ಆ ಸದ್ದು ಕೇಳಿದರೆ ಬಡಿಸುವವರು ಸಣ್ಣ ಸೌಟು ಹಿಡಿಯುತ್ತಿದ್ದರು. ಕಾಳು ಬಂದ ಮೇಲೆ ಜಾಗಟೆ ಇಳಿಸಿ ಒಳಗಿಡಬೇಕು.

ಒಂದು ಮಳೆಗಾಲ ಹೊಳೆ ಏರಿ ದಾರಿ ಕಡಿದುಹೋಗಿ ಕಾಳು ಬರುವುದು ನಿಂತಿತು. ಅಡಿವೆಪ್ಪ ಜಾಗಟೆ ಬಡಿದ. ಇದ್ದಷ್ಟರಲ್ಲೇ ಎಲ್ಲರೂ ಉಂಡರು, ಒಬ್ಬರೂ ಉಪವಾಸ ಬೀಳಲಿಲ್ಲ.

ಹೊಳೆ ಇಳಿಯಿತು, ಗಾಡಿಗಟ್ಟಲೆ ಕಾಳು ಬಂತು. ಜಾಗಟೆ ಮಾತ್ರ ಇಳಿಯಲಿಲ್ಲ. ನಾಳೆ ಹೇಗೋ ಏನೋ ಎಂದು ಅಡಿವೆಪ್ಪ ದಿನವೂ ಬಡಿದ. ವರ್ಷಗಳು ಹೋದವು. ಒಳಗೆ ಜೋಳಕ್ಕೆ ನುಸಿ ಹತ್ತಿತ್ತು, ಹೊರಗೆ ಜನ ಅರೆಹೊಟ್ಟೆಯಲ್ಲಿ ಎದ್ದು ಹೋಗುತ್ತಿದ್ದರು. ಇಂಥ ಜಾಣತನಕ್ಕೆ ಏನನ್ನಬೇಕೋ ಗೊತ್ತಿಲ್ಲ.

ಈ ನಡುವೆ ಅವನ ತಲೆ ಸಿಡಿಯತೊಡಗಿತು. ಪೇಟೆಯ ಡಾಕ್ಟರು ರಕ್ತದೊತ್ತಡ ನೋಡಿ ಗಾಬರಿಯಾದರು. ಹೀಗೇ ಬಿಟ್ಟರೆ ಮಿದುಳಿನ ನಾಳ ಒಡೆದೀತು ಎಂದು ಗುಳಿಗೆ ಕೊಟ್ಟು ಕಳಿಸಿದರು.

ಮಠದ ಗುರುಗಳಾದ ಅಜ್ಜನವರು ಕಾವಿ ಉಡುವ ಮೊದಲು ತಾವೂ ಡಾಕ್ಟರಾಗಿದ್ದವರು. ಈಗ ಕೂತರೆ ಏಳಲಾರದ, ಎದ್ದರೆ ಕೂರಲಾರದ ವಯಸ್ಸು. ಅಡಿವೆಪ್ಪ ಅವರ ಮುಂದೆ ಹೋಗಿ ಕುಸಿದು ಕೂತ.

"ಅಜ್ಜಾರ, ಭಾಳ ದಣದೀನ್ರಿ. ಉಪ್ಪು ಬಿಟ್ಟೀನಿ, ಗುಳಿಗಿ ನುಂಗತೀನಿ. ಆದ್ರೂ ಒತ್ತಡ ಇಳಿವಲ್ದು."

"ನೀ ಉಪ್ಪು ಬಿಟ್ಟಿ. ನಿನ್ನ ಮೂತ್ರಪಿಂಡ ಬಿಡವಲ್ದು."

"ಯಾಕ್ರಿ?"

"ಕೊರತಿ ಬಂದೈತಿ ಅಂತ ತಿಳದೈತಿ."

ಅಜ್ಜನವರು ಉಸಿರು ತಗೊಂಡು ಮುಂದುವರಿಸಿದರು.

"ರಕ್ತ ಕಡಿಮಿ ಬಂತು ಅನಿಸಿದ್ರ ಅದು ಸುದ್ದಿ ಹೊರಡಸತೈತಿ. ಆ ಸುದ್ದಿ ಹಾರ್ಮೋನು ಆಗಿ ಮೈತುಂಬ ಹರೀತೈತಿ. ಮುಟ್ಟಿದಲ್ಲೆಲ್ಲ ರಕ್ತನಾಳ ಬಿಗೀತಾವ. ಮೂತ್ರಪಿಂಡದ ನೆತ್ತಿ ಮ್ಯಾಲೆ ಒಂದು ಗ್ರಂಥಿ ಕುಂತೈತಿ. ಅದು ಉಪ್ಪು ಬಿಡಬ್ಯಾಡ್ರಿ ಅಂತ ಇನ್ನೊಂದು ಹಾರ್ಮೋನು ಕಳಸತೈತಿ. ಉಪ್ಪು ನಿಂತಲ್ಲಿ ನೀರೂ ನಿಂದರತೈತಿ. ಒತ್ತಡ ಏರದ ಏನ ಮಾಡೀತು?"

"ಅಂದ್ರ ಅದು ನನ್ನ ಕೊಲ್ಲಾಕ ನಿಂತೈತೇನ್ರಿ?"

"ಇಲ್ಲಪಾ. ಉಳಸಾಕ ನಿಂತೈತಿ. ಕೊರತಿ ಖರೇನ ಇದ್ದಾಗ ಉಳಸತೈತಿ."

"ಇನ್ನ ಉಪ್ಪು ಬಿಡ್ರಿ ಅಂತ ಹೇಳೋರು ಒಳಗ ಯಾರೂ ಇಲ್ಲೇನ್ರಿ?"

"ಹೃದಯ ಐತಿ. ತುಂಬಿ ಹಿಗ್ಗಿದಾಗ ಅದೂ ಒಂದು ಹಾರ್ಮೋನು ಕಳಸತೈತಿ. ನಾಳ ಸಡಿಲ ಬಿಡ್ರಿ, ಉಪ್ಪು ನೀರು ಹೊರಗ ಹಾಕ್ರಿ ಅಂತ."

"ನನ್ನ ಹೃದಯ ಯಾಕ ಹೇಳವಲ್ದು?"

"ಹೇಳಾಕತ್ತೈತಿ. ಬಡಿಯೋ ಸಪ್ಪಳದಾಗ ಕೇಳಸವಲ್ದು. ಗುಳಿಗಿ ಬಿಡಬ್ಯಾಡ, ಅದು ಸುದ್ದೀನ ದಾರ್ಯಾಗ ತಡೀತೈತಿ. ಉಳಿದದ್ದು ನಿನ್ನ ಕೆಲಸ."

ಊಟದ ಹೊತ್ತಾಯಿತು. ಅಡಿವೆಪ್ಪ ಮೈಯಲ್ಲಿ ಜೀವವಿಲ್ಲದವನ ಹಾಗೆ ಎದ್ದು ಉಗ್ರಾಣದ ಬಾಗಿಲಿಗೆ ನಡೆದ. ಜಾಗಟೆಗೆ ಒಂದು ಪೆಟ್ಟು ಹಾಕಿದ.

ಕೋಲೂರುತ್ತ ಹಿಂದೆಯೇ ಬಂದಿದ್ದ ಅಜ್ಜನವರು ಜಾಗಟೆಯ ಮೇಲೆ ಅಂಗೈ ಇಟ್ಟರು. ಸದ್ದು ಅಲ್ಲೇ ನಿಂತಿತು. ಸಣ್ಣ ಸೌಟು ಹಿಡಿದಿದ್ದ ಬಡಿಸುವವರು ಒಬ್ಬರ ಮುಖ ಒಬ್ಬರು ನೋಡಿದರು.

"ಪಂಕ್ತ್ಯಾಗ ಕುಂಡ್ರು," ಎಂದರು ಅಜ್ಜನವರು.

ಹೊಳೆ ಬಂದ ವರ್ಷದಿಂದ ಅಡಿವೆಪ್ಪ ಪಂಕ್ತಿಯಲ್ಲಿ ಕೂತಿರಲಿಲ್ಲ. ಎಲ್ಲರದ್ದೂ ಮುಗಿದ ಮೇಲೆ ಪಾತ್ರೆಯ ತಳ ಕೆರೆದು ಉಣ್ಣುವುದು ಅವನ ರೂಢಿ. ಗುರುವಿನ ಮಾತು ಮೀರಲಾಗದೆ ಕೂತ.

ಅಜ್ಜನವರು ದೊಡ್ಡ ಸೌಟು ತರಿಸಿದರು. ಅನ್ನದ ಮೇಲೆ ಅವನಿಗೆಂದೇ ಉಪ್ಪಿಲ್ಲದೆ ಬೇಯಿಸಿದ ಬೇಳೆ ಹಾಕಿದರು. ಅಡಿವೆಪ್ಪ ತಟ್ಟನೆ ತಟ್ಟೆಗೆ ಕೈ ಅಡ್ಡ ಹಿಡಿದ.

"ಸಾಕ್ರಿ ಅಜ್ಜಾರ. ಹಿಂದ ಬರೋರಿಗೆ ಬೇಕಾಗತೈತಿ."

"ಇದನ್ನ ಹೊಟ್ಟಿ ಅಂತೈತೋ, ಅಂಜಿಕಿ ಅಂತೈತೋ?"

ಹಸಿವು ಹೇಗಿರುತ್ತದೆಂಬುದೇ ಅಡಿವೆಪ್ಪನಿಗೆ ಮರೆತುಹೋಗಿತ್ತು. ಕಣ್ಣಲ್ಲಿ ನೀರು ಬಂತು.

"ಆ ವರ್ಷ ಒಂದು ಕೂಸಾದ್ರೂ ಹಸದು ಸತ್ತಿದ್ರ ಅಂತ ಇನ್ನೂ ಕನಸು ಬೀಳತೈತ್ರಿ."

"ಸತ್ತಿತ್ತೇನು?"

"ಇಲ್ರಿ."

ಅಜ್ಜನವರು ಸೌಟು ಹಿಡಿದೇ ನಿಂತಿದ್ದರು. ಅಡಿವೆಪ್ಪ ಅದನ್ನು ನೋಡಿ, ಅಡ್ಡ ಹಿಡಿದ ಕೈ ತೆಗೆದ. ಅವರು ಕಷ್ಟಪಟ್ಟು ಬಾಗಿ ಇನ್ನೊಂದು ಸೌಟು ಬಡಿಸಿದರು.

"ಹೊಳಿ ಇಳದೈತಿ, ಅಡಿವೆಪ್ಪ. ಉಣ್ಣು."