ಗೂಡಿನಲ್ಲಿಟ್ಟ ಪ್ಲಗ್ಗು

ಹೊಳೆಯ ದಂಡೆಯಲ್ಲಿ ಇಮಾಮ್‌ಸಾಬರ ಶೆಡ್ಡು. ಮಣ್ಣಿನ ಗೋಡೆ, ತಗಡಿನ ಸೂರು. ಅಲ್ಲಿ ಅವರು ಕಾರು ರಿಪೇರಿ ಮಾಡುತ್ತಿದ್ದರು. ವಯಸ್ಸು ಎಪ್ಪತ್ತು. ಮಾತು ಕಡಿಮೆ, ಮೊಣಕಾಲು ನೋವು ಹೆಚ್ಚು.

ಹಾಲೇಶ ಅವರ ಶಿಷ್ಯ. ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದ. ಮೂವತ್ತು ದಾಟಿದವನು. ಎರಡು ಗ್ಯಾರೇಜು ಬಿಟ್ಟು ಇಲ್ಲಿಗೆ ಬಂದಿದ್ದ.

ಬಂದ ದಿನ ಉಸ್ತಾದ್ ಗೋಡೆಯ ಗೂಡು ತೋರಿಸಿದ್ದರು. "ಕೈಜಾರಿ ಬಿದ್ದ ಪ್ಲಗ್ಗು ಅಲ್ಲಿಗೆ. ಗಾಡಿಗಲ್ಲ."

ಪಾಠ ಅಷ್ಟೇ.

ಗೂಡಿನ ತುಂಬ ಎಂಜಿನ್ನಿಗೆ ಕಿಡಿ ಕೊಡುವ ಹಳೇ ಪ್ಲಗ್ಗುಗಳಿದ್ದವು. ತನಗಿಂತ ಮೊದಲು ಬಂದು ಹೋದ ದಡ್ಡರದು ಎಂದುಕೊಂಡ ಹಾಲೇಶ. ಎರಡು ವರ್ಷ ಕಳೆದರೂ ಅವನದೊಂದು ಪ್ಲಗ್ಗೂ ಆ ಗೂಡು ಸೇರಿರಲಿಲ್ಲ. ಅದೇ ಅವನ ಒಳಗಿನ ಹೆಮ್ಮೆ.

ಅವತ್ತು ಮಧ್ಯಾಹ್ನ ಸರ್ವಮಂಗಳ ಟೀಚರ ಕಾರು ಮೂರನೇ ಸಲ ಬಂದು ನಿಂತಿತು. ಕುಂಟುತ್ತ ಬಂತು. ಬಾನೆಟ್ಟು ಗಡಗಡ ನಡುಗುತ್ತಿತ್ತು.

ಹಿಂದಿನ ಸೀಟಿನಲ್ಲಿ ಅವರ ತಂದೆ ಕೂತಿದ್ದರು. ಸೂಜಿ ಚುಚ್ಚಿ ಗಂಟು ಕಟ್ಟಿದ ತೋಳಿನ ಮೇಲೆ ಟವೆಲ್ಲು.

"ಸಾಬ್ರೇ, ಸೋಮವಾರ ಸರ್ವೀಸಿಗೆ ಬಿಟ್ಟೆ. ಸರ್ವೀಸ್ ಆದ ಮೇಲೇ ಈ ನಡುಕ ಶುರುವಾತು. ಬುಧವಾರ ಮತ್ತೆ ತಂದಾಗ ನಿಮ್ಮ ಹಾಲೇಶ ಕಾಯಿಲ್ ಬದಲಿಸಿದ. ನಿನ್ನೆ ಹೈವೇ ಏರಿನಾಗೆ ನಿಂತೇಬಿಡ್ತು. ಹಿಂದೆ ಲಾರಿ. ಡಯಾಲಿಸಿಸ್ಸಿಗೆ ತಡ ಆಗಿ ಅಪ್ಪಾಜಿನ ನಾಡಿದ್ದು ಬೆಳಿಗ್ಗೆ ಬರ್ರಿ ಅಂದು ಕಳಿಸಿದ್ರು." ಟೀಚರ ದನಿಯಲ್ಲಿ ಸಿಟ್ಟಿಗೂ ತ್ರಾಣ ಉಳಿದಿರಲಿಲ್ಲ. "ನಾಳೆ ಬೆಳಿಗ್ಗೆನೂ ತಪ್ಪಿದ್ರೆ ಅಪ್ಪಾಜಿ ತಡೆಯಲ್ಲ."

ಮುದುಕರು ಕಿಟಕಿಯಿಂದ ಇಣುಕಿದರು. "ನಂದು ಎರಡೂ ಕಿಡ್ನಿ ಹೋಗ್ಯಾವೆ ಸಾಬ್ರೇ. ಇದಕ್ಕೆ ನಾಲ್ಕು ಸಿಲಿಂಡರಿನಾಗೆ ಒಂದು ಹೋಗಿರಬಹುದು, ಅಷ್ಟೇ. ಪುಣ್ಯವಂತ ಗಾಡಿ."

ಉಸ್ತಾದ್ ಸ್ಟೂಲು ಎಳೆದುಕೊಂಡು ಬಾನೆಟ್ಟಿನ ಎದುರು ಕೂತರು. ಕಣ್ಣು ಮುಚ್ಚಿ ಕೇಳಿದರು.

"ಮಿಸ್ಸಿಂಗ್. ಒಂದು ಸಿಲಿಂಡರು ಉರೀತಿಲ್ಲ."

"ಇಂಜೆಕ್ಟರ್ ಇರಬೇಕು ಉಸ್ತಾದ್," ಎಂದ ಹಾಲೇಶ. "ಇಲ್ಲಾಂದ್ರೆ ಪೆಟ್ರೋಲಿನಾಗೆ ನೀರು."

"ಬಾಯಿಂದ ರಿಪೇರಿ ಆಗಲ್ಲ."

ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲುಗಳ ವೈರು ಒಂದೊಂದಾಗಿ ಕಳಚಿ ಹಾಕಿಸಿದರು. ಒಂದನೆಯದು ಕಳಚಿದಾಗ ಎಂಜಿನ್ನು ಇನ್ನಷ್ಟು ತತ್ತರಿಸಿತು. ಎರಡನೆಯದಕ್ಕೂ ಹಾಗೇ. ಮೂರನೆಯದು ಕಳಚಿದರೆ ಏನೂ ಆಗಲಿಲ್ಲ.

"ಮೂರನೇ ಮನೆಯವ ದುಡೀತಿಲ್ಲ," ಎಂದರು ಉಸ್ತಾದ್. "ಕಾಯಿಲು ಮೂರರದು ಎರಡಕ್ಕೆ, ಎರಡರದು ಮೂರಕ್ಕೆ ಹಾಕು."

ಹಾಕಿದ. ಮತ್ತೆ ಮೂರನೆಯದೇ ಸತ್ತಿತ್ತು.

"ಕಾಯಿಲ್ ಅಲ್ಲ. ಪ್ಲಗ್ಗು ಬಿಚ್ಚು."

"ಪ್ಲಗ್ಗು ಹೊಸ್ದು ಉಸ್ತಾದ್. ಸೋಮವಾರ ನಾನೇ ಹಾಕೀನಿ."

"ಹೊಸ್ದೋ ಹಳೇದೋ ಅಂತ ಕೇಳಲಿಲ್ಲ."

ಎಂಜಿನ್ನು ಸುಡುತ್ತಿತ್ತು. ಆರುವ ತನಕ ಕಾಯಬೇಕು. ಉಸ್ತಾದ್ ಚಹಾ ತರಿಸಿದರು. ಮುದುಕರಿಗೆ ಅರ್ಧ ಲೋಟ. ನೀರೂ ಅಳೆದು ಕುಡಿಯಬೇಕು ಅಂದಿದ್ದಾರಂತೆ ಡಾಕ್ಟರು. ಅವರು ಆ ಅರ್ಧ ಲೋಟವನ್ನು ನಾಲಿಗೆಯ ಮೇಲೆ ನಿಲ್ಲಿಸಿ ನಿಲ್ಲಿಸಿ ಕುಡಿದರು.

ಹಾಲೇಶ ತನ್ನ ಲೋಟವನ್ನು ಗೋಡೆಯ ಪಕ್ಕ ಇಟ್ಟ.

ಸೋಮವಾರ ಒಂದು ಪ್ಲಗ್ಗು ಕೈಜಾರಿ ಕಲ್ಲಿನ ಮೇಲೆ ಬಿದ್ದಿತ್ತು. ಎತ್ತಿ ನೋಡಿದ್ದ. ಏನೂ ಆದಂತೆ ಕಾಣಲಿಲ್ಲ. ಗೂಡಿನ ಕಡೆ ಒಂದು ಸಲ ತಿರುಗಿದ್ದ. ಆಮೇಲೆ ಅಂಗಿಗೆ ಒರೆಸಿ ಗಾಡಿಗೇ ಹಾಕಿದ್ದ. ಬುಧವಾರ ಕಾಯಿಲ್ ಬದಲಿಸುವಾಗ ಆ ಪ್ಲಗ್ಗು ಅವನ ಬೆರಳಿನಿಂದ ಗೇಣು ದೂರದಲ್ಲಿತ್ತು. ಅದನ್ನು ಮುಟ್ಟಿರಲಿಲ್ಲ.

ಈಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಎಂಜಿನ್ನು ಆರಿತು. ಎರಡರ ಮತ್ತು ಮೂರರ ಪ್ಲಗ್ಗು ಅದಲುಬದಲು ಮಾಡಿ ಸ್ಟಾರ್ಟ್ ಮಾಡಿದರು. ಈಗ ಮೂರನೆಯದು ದುಡಿಯುತ್ತಿತ್ತು. ಎರಡನೆಯದು ಸತ್ತಿತ್ತು.

"ರೋಗ ಎಲ್ಲಿಗೆ ಹೋತು?"

"ಎರಡಕ್ಕೆ."

"ಯಾರ ಜೊತೆ?"

"ಪ್ಲಗ್ಗಿನ ಜೊತೆ, ಉಸ್ತಾದ್."

ಆ ಪ್ಲಗ್ಗು ಬಿಚ್ಚಿಸಿದರು. ಬಟ್ಟೆಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಮತ್ತೆ ಅವನ ಕೈಗೇ ಕೊಟ್ಟರು.

"ನನ್ನ ಕಣ್ಣಿಗೆ ಕಾಣಲ್ಲ. ಏನೈತಿ, ನೀನೇ ಹೇಳು."

ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ.

"ಬಿರುಕು ಐತಿ."

"ಹೊಸದಕ್ಕೆ ಬಿರುಕಾ? ಡಬ್ಬಿಯಾಗೇ ಹಂಗೆ ಬಂದಿತ್ತೇನು?"

ಹೂಂ ಅಂದರೆ ಮುಗಿಯುತ್ತಿತ್ತು. ಟೀಚರು ಅವನನ್ನೇ ನೋಡುತ್ತಿದ್ದರು. ಮುದುಕರು ಖಾಲಿ ಲೋಟ ಹಿಡಿದು ಕೂತಿದ್ದರು.

"ಇಲ್ಲ ಉಸ್ತಾದ್. ಕೈಜಾರಿ ಬಿದ್ದಿತ್ತು. ಒರೆಸಿ ಹಾಕಿದೆ."



"ಒರೆಸಿ ಹಾಕಿದ್ಯಾ," ಎಂದರು ಟೀಚರು. ಹೋಗಿ ತಂದೆಯ ಕೈಯಿಂದ ಲೋಟ ಇಸಿದುಕೊಂಡರು.

ಉಸ್ತಾದ್ ಹೊಸ ಡಬ್ಬಿ ಒಡೆದು ಪ್ಲಗ್ಗನ್ನು ಅವನಿಗೇ ಕೊಟ್ಟರು. ಹಾಲೇಶ ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿದ. ಆಮೇಲೆ ಪಾನಾ ಹಿಡಿದ.  ಉಸ್ತಾದ್ ಅವಸರ ಮಾಡಲಿಲ್ಲ.

ಸ್ಟಾರ್ಟ್ ಮಾಡಿದಾಗ ಎಂಜಿನ್ನು ನಾಲ್ಕೂ ಕಾಲಿನಲ್ಲಿ ಓಡಿತು. ಸದ್ದು ಸಮವಾಯಿತು.

ಮುದುಕರು ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದರು. "ಈಗ ನಡುಗೋದು ನಾನೊಬ್ಬನೇ."

ಏರಿನ ಮೇಲೆ ಒಂದು ಸುತ್ತು ಓಡಿಸಿ ನೋಡಿದರು. ಗಾಡಿ ಎಲ್ಲೂ ಮುಗ್ಗರಿಸಲಿಲ್ಲ. ಟೀಚರು ಉಸ್ತಾದರಿಗೆ ಕೈಮುಗಿದು ಹೊರಟರು. ಹಾಲೇಶನ ಕಡೆ ನೋಡಲಿಲ್ಲ.

ಹಾಲೇಶ ಒಳಗೆ ಹೋಗಿ ಬಟ್ಟೆ ಚೀಲ ಹೆಗಲಿಗೇರಿಸಿಕೊಂಡು ಬಂದ.

"ಹೋಗ್ತೀನಿ ಉಸ್ತಾದ್."

"ಎಲ್ಲಿಗೆ?"

"ಬೇರೆ ಯಾವುದಾದ್ರೂ ಗ್ಯಾರೇಜಿಗೆ."

"ಮೂರರಾಗಿಂದು ತೆಗೆದು ಎರಡಕ್ಕೆ ಹಾಕಿದ್ವಲ್ಲ, ಆ ಪ್ಲಗ್ಗೆಲ್ಲಿ?"

ಹಾಲೇಶ ಜೇಬಿನಿಂದ ತೆಗೆದು ತೋರಿಸಿದ. ಇನ್ನೂ ಸ್ವಲ್ಪ ಬೆಚ್ಚಗಿತ್ತು.

"ಗೂಡಿಗೆ ಇಡು. ಆಮೇಲೆ ಹೋಗೋದಿದ್ರೆ ಹೋಗು."

ಅವನು ಚೀಲ ಕೆಳಗಿಟ್ಟು ಗೂಡಿಗೆ ಕೈ ಹಾಕಿದ. ಎಷ್ಟೋ ವರ್ಷದ ಧೂಳು. ಹಿಂದಿನವು ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ್ದವು. ಮುಂದಿನವು ಈಚೆಗೆ ಇಟ್ಟವು, ಇನ್ನೂ ಹೊಳೆಯುತ್ತಿದ್ದವು.

"ಜಾಗ ಇಲ್ಲ ಉಸ್ತಾದ್."

ಉಸ್ತಾದ್ ಮೊಣಕಾಲು ತಿಕ್ಕಿಕೊಳ್ಳುತ್ತ ಹೊಳೆಯ ಕಡೆ ನೋಡುತ್ತಿದ್ದರು.

"ನನ್ನವು ಸ್ವಲ್ಪ ಆಚೆ ಸರಿಸು."